ನಲವತ್ತು ಹಂಚು, ಎಂಟು ಭಾನುವಾರ

ಮೊದಲ ಶನಿವಾರ ರಾತ್ರಿ, ನನ್ನ ಹಾಸಿಗೆಯಿಂದ ಎರಡು ಮಾರು ಆಚೆ, ಹಂಚಿನ ಮಾಡು ಒಡೆದುಕೊಂಡು ಒಂದು ತೆಂಗಿನಕಾಯಿ ಒಳಗೆ ಬಿತ್ತು. ಎದ್ದು ಲೈಟ್ ಹಾಕಿದರೆ ನೆಲದ ತುಂಬ ಕೆಂಪು ಚೂರು, ನಡುವೆ ಕಾಯಿ, ತಲೆಯೆತ್ತಿದರೆ ತಟ್ಟೆಯಗಲದ ಆಕಾಶ. ಕೆಳಗಿನಿಂದ ಅಜ್ಜಿ ಕೂಗಿದರು.

"ಎಂತ ಆಯ್ತು ಮಗಾ? ಪೆಟ್ಟಾಯ್ತಾ?"

"ಇಲ್ರಿ ಅಜ್ಜಿ, ಏನೂ ಆಗಿಲ್ರಿ."

ಟಾರ್ಚು ಹಿಡಿದು ಮರದ ಮೆಟ್ಟಿಲು ಹತ್ತಿ ಬಂದರು. ಮೊದಲು ನನ್ನ ತಲೆ ಸವರಿ ನೋಡಿದರು, ಆಮೇಲೆ ಮಾಡು ನೋಡಿದರು. ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದು, "ಈ ಹಂಚು ಈಗ ಎಲ್ಲಿ ಸಿಕ್ತದೆ?" ಎಂದರು. ಆ ಪ್ರಶ್ನೆ ನನ್ನನ್ನು ಎಂಟು ವಾರ ತಿರುಗಾಡಿಸಿತು.

ನಮ್ಮೂರು ಮುಧೋಳ. ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಬೇಸಿಗೆ ರಜೆಯ ಇಂಟರ್ನ್‌ಶಿಪ್ಪಿಗೆ ಮಣಿಪಾಲದ ಒಂದು ಸಣ್ಣ ಆಫೀಸು ಒಪ್ಪಿಕೊಂಡಿತ್ತು. ಏಪ್ರಿಲ್ ಮೊದಲ ಸೋಮವಾರ ಸೇರಿ ಮೇ ಕೊನೆಗೆ ಮುಗಿಸಬೇಕು. ಮಣಿಪಾಲ ಅಂದರೆ ಗುಡ್ಡದ ನೆತ್ತಿಯ ಮೇಲೆ ಕೂತ ಊರು, ಬುಡದಲ್ಲಿ ಉಡುಪಿ, ಅದರಾಚೆ ಸಮುದ್ರ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮೆಡಿಕಲ್ ಕಾಲೇಜು ಶುರುಮಾಡುವ ಮುಂಚೆ ಇದು ಬರೀ ಮುರಕಲ್ಲಿನ ಬೋಳುಗುಡ್ಡವಾಗಿತ್ತಂತೆ. ಈಗ ಗುಡ್ಡದ ತುಂಬ ಕಟ್ಟಡ, ಹುಡುಗ ಹುಡುಗಿಯರು, ರಾತ್ರಿ ಹನ್ನೊಂದಾದರೂ ತೆರೆದಿರುವ ಹೋಟೆಲು. ನಾನಿದ್ದದ್ದು ಆ ಗದ್ದಲದಿಂದ ಇಳಿದು ಪರ್ಕಳದ ಕಡೆಗೆ ಹೋದರೆ ಸಿಗುವ ಒಂದು ಹಳೇ ಮನೆಯಲ್ಲಿ. ಕೆಳಗೆ ಅಜ್ಜಿ, ಉಪ್ಪರಿಗೆಯಲ್ಲಿ ನಾನು. ಬಾಡಿಗೆ ಕಡಿಮೆ. ಅಜ್ಜಿಗೆ ರಾತ್ರಿ ಮನೆಯಲ್ಲಿ ಇನ್ನೊಂದು ಜೀವ ಬೇಕಿತ್ತು, ನನಗೆ ಕೈಗೆಟುಕುವ ಕೋಣೆ ಬೇಕಿತ್ತು.

ಆಫೀಸಿನಲ್ಲಿ ನನಗೆ ಸಿಕ್ಕ ಕೆಲಸ ಒಂದು ಹೋಮ್‌ಸ್ಟೇಯ ಮಾಡಿನ ಡ್ರಾಯಿಂಗು. ಮಾಡನ್ನು ಹೊರುವ ಓರೆ ಮರದ ಪಕ್ಕಾಸು ಎಲ್ಲಿ, ಅದರ ಮೇಲೆ ಹಂಚು ಕೂರಿಸಲು ಅಡ್ಡ ಹೊಡೆಯುವ ಪಟ್ಟಿ, ಅಂದರೆ ರೀಪು ಎಲ್ಲಿ, ಇಳಿಜಾರು ಎಷ್ಟು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಗೀಟು ಎಳೆಯಬೇಕು. ಎಳೆದೆ. ರೀಪಿನ ನಡುವಿನ ಅಂತರಕ್ಕೆ ಹಳೇ ಡ್ರಾಯಿಂಗಿನಲ್ಲಿದ್ದ ಅಂಕಿಯನ್ನೇ ಹಾಕಿದೆ. ಹಂಚು ಹೊದೆಸಿದ ಮನೆಯಲ್ಲಿ ನಾನು ಅದಕ್ಕೆ ಮುಂಚೆ ಒಂದು ರಾತ್ರಿಯೂ ಮಲಗಿದವಳಲ್ಲ. ನಮ್ಮದು ಮೇಲ್ಮುದ್ದಿ ಮನೆ. ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಅಪ್ಪ ಹಾಳಮಣ್ಣು ತಂದು ಮೇಲೆ ಹರಡುತ್ತಾರೆ. ಬೇಸಿಗೆಯಲ್ಲಿ ನಾವೆಲ್ಲ ಅದೇ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುತ್ತೇವೆ. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಅದು ಒಳ್ಳೇ ವರ್ಷ. ಉಡುಪಿಯಲ್ಲಿ ಬೀಳುವುದು 4,000 ಮಿ.ಮೀ.ಗೂ ಹೆಚ್ಚು. ಈ ಎರಡು ಅಂಕಿಗಳನ್ನು ನಾನು ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ, ಅಷ್ಟೆ.

ಭಾನುವಾರ ಬೆಳಿಗ್ಗೆ ಹಂಚಿನ ಕೆಲಸದ ಅಣ್ಣನೊಬ್ಬರನ್ನು ಅಜ್ಜಿ ಕರೆಸಿದರು. ಅವರು ಏಣಿ ಇಟ್ಟು ಹತ್ತಿ, ಮಾಡಿನುದ್ದಕ್ಕೂ ಬೆರಳ ಗೆಣ್ಣಿನಿಂದ ಹಂಚು ತಟ್ಟುತ್ತ ಹೋದರು. ಗಟ್ಟಿ ಹಂಚು ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಬೊಡ್ಡ ಅನ್ನುತ್ತದೆ. ಕೆಳಗೆ ನಿಂತವಳಿಗೂ ವ್ಯತ್ಯಾಸ ಕೇಳುತ್ತಿತ್ತು. ಕಾಯಿ ಒಡೆದದ್ದು ಮೂರೇ ಹಂಚು. ಆದರೆ ಮಂಗಗಳು ಓಡಾಡಿ, ಮಾವಿನ ಗೆಲ್ಲು ಬಿದ್ದು, ವರ್ಷಗಳಿಂದ ಸಣ್ಣಗೆ ಸೀಳಿದ್ದು ಇನ್ನೂ ಮೂವತ್ತನಾಲ್ಕು. "ನಲವತ್ತು ತನ್ನಿ ಅಮ್ಮ, ಮಳೆ ಬರುವ ಮೊದಲು ಹಾಕಿ ಕೊಡ್ತೇನೆ. ಆದ್ರೆ ಇದೇ ಹಂಚು ಬೇಕು" ಎಂದರು. ಬೇರೆ ಕಾರ್ಖಾನೆಯದ್ದಾದರೆ ಯಾಕಾಗುವುದಿಲ್ಲ ಎಂದು ಕೇಳಿದೆ. ಅವರು ಎರಡು ಹಂಚು ತಂದು ನನ್ನ ಮುಂದಿಟ್ಟರು. ಒಂದು ಈ ಮನೆಯದ್ದು, ಇನ್ನೊಂದು ಬೇರೆ ಎಲ್ಲಿಯದೋ. ಕಣ್ಣಿಗೆ ಎರಡೂ ಒಂದೇ. ಪಕ್ಕಪಕ್ಕ ಜೋಡಿಸಲು ಹೋದಾಗ ಒಂದರ ಅಂಚಿನ ಏಣು ಇನ್ನೊಂದರ ಕಾಲುವೆಯೊಳಗೆ ಕೂರಲೇ ಇಲ್ಲ. ನಡುವೆ ಒಂದು ನೂಲಿನಷ್ಟು ಸಂದು. "ಆ ಸಂದಿಯಲ್ಲಿ ಆಟಿಯ ಮಳೆ ಒಳಗೆ ಬರ್ತದೆ" ಎಂದರು. ಆಟಿ ಅಂದರೆ ಇಲ್ಲಿನವರಿಗೆ ಮಳೆಗಾಲದ ನಡುವಿನ ತಿಂಗಳು.

ಈ ಮನೆಯ ಹಂಚು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಿಂಬದಿಯ ಅಚ್ಚಿನಲ್ಲಿ ಹೆಸರು ಸವೆದು, ಒಂದು ನಕ್ಷತ್ರ ಮಾತ್ರ ಸ್ಪಷ್ಟ ಉಳಿದಿತ್ತು. ಅಜ್ಜಿಯ ಮಕ್ಕಳು ಮುಂಬೈಯಲ್ಲಿ. "ಶೀಟು ಹಾಕಿಸಮ್ಮ" ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದರು. ಅಜ್ಜಿಗೆ ಶೀಟು ಬೇಡ. ನಾನು ಹಂಚಿನ ಫೋಟೋ ತೆಗೆದುಕೊಂಡೆ. ಟೇಪು ಹಿಡಿದು ಉದ್ದ, ಅಗಲ ಬರೆದುಕೊಂಡೆ. ರಜೆಯ ದಿನ ಹೇಗೂ ಊರು ನೋಡಲು ಹೋಗುತ್ತೇನೆ, ಹೋದಲ್ಲೆಲ್ಲ ವಿಚಾರಿಸುತ್ತೇನೆ ಎಂದೆ.

ಆಫೀಸಿಗೆ ಶನಿವಾರ ಅರ್ಧ ದಿನ. ಹಾಗಾಗಿ ನನ್ನ ಕೈಗೆ ಸಿಗುತ್ತಿದ್ದದ್ದು ವಾರಕ್ಕೆ ಒಂದೂವರೆ ದಿನ. ಜೊತೆಗೆ ಇಂಟರ್ನ್ ಆಗಿದ್ದ ಕುಂದಾಪುರದ ಗೆಳತಿ ಊರಿಗೆ ಹೋಗದ ವಾರ ನನ್ನೊಟ್ಟಿಗೆ ಬರುತ್ತಿದ್ದಳು. "ಹೋಪನಾ?" ಎಂದು ಅವಳು ಕೇಳುವಷ್ಟರಲ್ಲಿ ನಾನು ಚಪ್ಪಲಿ ಹಾಕಿಕೊಂಡಿರುತ್ತಿದ್ದೆ.

ಎರಡನೇ ಭಾನುವಾರ ದೂರ ಹೋಗಲಿಲ್ಲ. ಮಣಿಪಾಲದಲ್ಲೇ ಇರುವ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದೆವು. ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದ ವಿಜಯನಾಥ ಶೆಣೈಯವರು, ಬಿದ್ದುಹೋಗುತ್ತಿದ್ದ, ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ಬಿಡಿಬಿಡಿಯಾಗಿ ಕಳಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ ಜಾಗ. 2017ರಲ್ಲಿ ಅವರು ತೀರಿಕೊಂಡರು, ಮನೆಗಳು ಉಳಿದಿವೆ. ಒಂದು ಮನೆ ಕಳಚುವುದೆಂದರೆ ಸುಮ್ಮನೆ ಅಲ್ಲ. ಪ್ರತಿ ತೊಲೆಗೆ, ಪ್ರತಿ ಬಾಗಿಲಿಗೆ ಗುರುತು ಹಾಕಬೇಕು, ಯಾವುದು ಯಾವುದರ ಮೇಲೆ ಕೂತಿತ್ತು ಎಂಬುದನ್ನು ಬರೆದಿಡಬೇಕು. ನಾವು ಕಾಲೇಜಿನಲ್ಲಿ ಕಟ್ಟುವುದನ್ನು ಕಲಿಯುತ್ತೇವೆ. ಕೆಡವದೆ ಕಳಚುವುದನ್ನು ಯಾರೂ ಕಲಿಸುವುದಿಲ್ಲ.

ಕರಾವಳಿಯ ಚೌಕಿ ಮನೆ, ಮಲೆನಾಡಿನ ಮಠ, ಎಲ್ಲ ನೋಡುತ್ತ ಗೈಡಿನ ಹಿಂದೆ ನಡೆಯುತ್ತಿದ್ದೆ. ಅವರು ಮುಂದಿನ ಕಟ್ಟಡದ ಎದುರು ನಿಂತು, "ಇದು ಮುಧೋಳ ಅರಮನೆಯ ದರ್ಬಾರ್ ಹಾಲ್" ಎಂದರು. ನನಗೆ ಕಾಲೆತ್ತಲಾಗಲಿಲ್ಲ. ರನ್ನ ಹುಟ್ಟಿದ ಊರು, ಘೋರ್ಪಡೆಯವರ ಸಂಸ್ಥಾನ, ಘಟಪ್ರಭೆಯ ದಂಡೆ, ನಾಯಿ, ಕಬ್ಬು, ಇಷ್ಟನ್ನು ಹೇಳಿಯೇ ನಾನು ನನ್ನೂರನ್ನು ಪರಿಚಯ ಮಾಡಿಕೊಡುತ್ತಿದ್ದದ್ದು. ಅರಮನೆಯ ದರ್ಬಾರು ಅಲ್ಲಿಂದ ಎದ್ದು ಈ ಗುಡ್ಡಕ್ಕೆ ಬಂದು ಕೂತಿದೆ ಎಂಬುದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಕಂಬದ ಹತ್ತಿರ ಹೋಗಿ ನಿಂತೆ. ಕೈಯಾಡಿಸಬೇಕೆಂದು ಆಸೆಯಾಯಿತು, ಮುಟ್ಟಬಾರದೆಂದು ಬರೆದಿತ್ತು, ಸುಮ್ಮನಾದೆ. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. "ನಮ್ಮ ಮುಧೋಳದ್ದs? ಖರೇನs?" ಎಂದು ಮೂರು ಸಲ ಕೇಳಿದರು. ನಮ್ಮೂರಿನ ಮರಕ್ಕೆ ಇಲ್ಲಿ ಪ್ರತಿ ವರ್ಷ ನಾಲ್ಕು ತಿಂಗಳ ಮಳೆಯ ಥಂಡಿ. ಅದನ್ನು ಹೀಗೆ ಕಾಪಾಡಿಕೊಂಡು ಬರುವವರ ಮೇಲೆ ನನಗೆ ಅವತ್ತು ಬಂದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಮೂರನೇ ವಾರ ಮಲ್ಪೆ. ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋದೆವು. ಸಮುದ್ರವನ್ನು ನಾನು ನೋಡಿದ್ದು ಅದೇ ಮೊದಲ ಸಲವಲ್ಲ, ಆದರೆ ಅದರ ನಡುವೆ ನಿಂತದ್ದು ಮೊದಲ ಸಲ. ದ್ವೀಪದ ತುಂಬ ಕಲ್ಲಿನ ಕಂಬ. ಯಾರೋ ಉಳಿ ಹಿಡಿದು ಆರು ಮುಖ ಕೊಟ್ಟು ಜೋಡಿಸಿಟ್ಟಂತೆ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಸೀಳಿಕೊಂಡು ದೂರವಾದ ಕಾಲದಲ್ಲಿ, ನೆಲದಿಂದ ಉಕ್ಕಿದ ಲಾವಾ ಆರುತ್ತ ಕುಗ್ಗಿ ಹೀಗೆ ಬಿರಿಯಿತು. ಗೆಳತಿಗೆ ಇದು ನಂಬಲು ಕಷ್ಟವಾಯಿತು. ನನಗೆ ಕಷ್ಟವಾಗಲಿಲ್ಲ. ನಮ್ಮ ಎರೆಹೊಲ ಬೇಸಿಗೆಯಲ್ಲಿ ಹೀಗೇ ಬಿರಿಯುತ್ತದೆ. ನೀರು ಬತ್ತುತ್ತ ಮಣ್ಣು ಕುಗ್ಗಿ ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗುತ್ತವೆ. ಸಣ್ಣವಳಿದ್ದಾಗ ಆ ಸೀಳಿನೊಳಗೆ ಕೈ ಇಳಿಸಿ ಮೊಣಕೈವರೆಗೆ ಹೋಗುತ್ತದಾ ಎಂದು ನೋಡುತ್ತಿದ್ದೆವು. ಇಲ್ಲಿ ಅದೇ ಸೀಳು ಕಲ್ಲಾಗಿ ನಿಂತಿತ್ತು. ಹಂಚು ಅಲ್ಲೇನು ಸಿಗುತ್ತದೆ? ಆ ವಾರ ಹುಡುಕಲಿಲ್ಲ. ಬಂದರಿನಲ್ಲಿ ಬನ್ಸ್ ತಿಂದು, ಪುನರ್ಪುಳಿ ಶರಬತ್ತು ಕುಡಿದು ಬಂದೆವು.

ಮಂಗಳೂರಿಗೆ ಮಾತ್ರ ಹಂಚಿಗೆಂದೇ ಹೋದೆ. ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ಎಕ್ಸ್‌ಪ್ರೆಸ್ ಬಸ್ಸು. ಕಂಡಕ್ಟರು ಸೀಟಿ ಊದಿ, "ರೈಟ್, ಪೋಯಿ" ಎನ್ನುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಕಾಪು, ಪಡುಬಿದ್ರಿ, ಮುಲ್ಕಿ ಎಂದು ಓಡಿ ಸ್ಟೇಟ್ ಬ್ಯಾಂಕಿನಲ್ಲಿ ಇಳಿಸಿದರು. ಬ್ಯಾಂಕು ಎಲ್ಲೂ ಎದುರಾಗಲಿಲ್ಲ, ಅದು ಬಸ್ ಸ್ಟ್ಯಾಂಡಿನ ಹೆಸರು ಎಂದು ಅಲ್ಲಿ ಗೊತ್ತಾಯಿತು. ಬೆಳಿಗ್ಗೆ ಸಂತ ಅಲೋಶಿಯಸ್ ಚಾಪೆಲ್ ನೋಡಿದೆ. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರ ಹೊತ್ತಿಗೆ ಶುರುಮಾಡಿ ಗೋಡೆ, ಛಾವಣಿ ಒಂದನ್ನೂ ಬಿಡದೆ ಚಿತ್ರ ಬರೆದಿದ್ದಾರೆ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಅದನ್ನು ಬರೆಯಲು ಹೊರಟರೆ ಬೇರೆಯದೇ ಲೇಖನ ಆಗುತ್ತದೆ.

ಮಧ್ಯಾಹ್ನ ಜೆಪ್ಪುವಿಗೆ ಹೋದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ನಾವು ಕನ್ನಡದ ಮೊದಲ ಪತ್ರಿಕೆಯಿಂದ, ಕಿಟ್ಟೆಲ್ ನಿಘಂಟಿನಿಂದ ನೆನೆಯುತ್ತೇವೆ. ಅದೇ ಜನ 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದನ್ನು ನಿಲ್ಲಿಸಿದವರು ಜರ್ಮನಿಯ ಗಿಯೋರ್ಗ್ ಪ್ಲೆಬ್ಸ್ಟ್. ಅದಕ್ಕೂ ಮುಂಚೆ ಇಲ್ಲಿನ ಸಾಮಾನ್ಯರ ಮನೆಗೆ ಮುಳಿಹುಲ್ಲು, ಇಲ್ಲವೆ ಕುಂಬಾರರು ಕೈಯಲ್ಲಿ ತಟ್ಟಿದ ನಾಡಹಂಚು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು, ಒಲೆಗೆ ಘಟ್ಟದ ಕಟ್ಟಿಗೆ, ಸಾಗಿಸಲು ನದಿ, ನದಿಯ ಕೊನೆಗೆ ಬಂದರು. ಇವೆಲ್ಲ ಒಂದೇ ಕಡೆ ಇದ್ದದ್ದರಿಂದ ಇಲ್ಲಿನ ಹಂಚು ಮಂಜಿಗಳಲ್ಲಿ, ಹಡಗುಗಳಲ್ಲಿ ಸಮುದ್ರ ದಾಟಿತು. ಜಗತ್ತಿನ ಎಷ್ಟೋ ಕಡೆ ಅದಕ್ಕೆ ಈ ಊರಿನದೇ ಹೆಸರು. ನದಿಯ ಕಡೆಗೆ ನಡೆಯುತ್ತ ಕಾಡುಬಳ್ಳಿ ಹಬ್ಬಿದ ಒಂದು ಹಳೇ ಚಿಮಣಿ ಕಂಡೆ. ಅದರ ನೆರಳಿನಲ್ಲಿ ನಿಂತು ಅಜ್ಜಿಯ ಹಂಚಿನ ಫೋಟೋ ತೋರಿಸಿ ದಾರಿಹೋಕರನ್ನು ಕೇಳಿದೆ. ವಯಸ್ಸಾದ ಒಬ್ಬರು ಕನ್ನಡಕ ಏರಿಸಿ ನೋಡಿ, "ಇದನ್ನು ನಾನು ಹೊತ್ತಿದ್ದೇನೆ ಮಗಳೇ" ಎಂದರು. ಹದಿನಾರನೇ ವಯಸ್ಸಿಗೆ ಕೆಲಸಕ್ಕೆ ಸೇರಿ, ಒಣಗಲು ಇಟ್ಟ ಹಸಿ ಹಂಚುಗಳನ್ನು ಒಲೆಯವರೆಗೆ ಹೊರುವ ಕೆಲಸ ಮಾಡುತ್ತಿದ್ದರಂತೆ. ಹಸಿ ಹಂಚನ್ನು ಬೆರಳಲ್ಲಿ ಒತ್ತಿ ಹಿಡಿಯಬಾರದು, ಅಂಗೈ ಮೇಲೆ ಮಲಗಿಸಿಕೊಳ್ಳಬೇಕು ಎಂದು ಬರಿಗೈಯಲ್ಲೇ ತೋರಿಸಿದರು. ಅಂಗೈ ಎಷ್ಟೋ ವರ್ಷದ ಮೇಲೂ ಆ ಆಕಾರಕ್ಕೆ ತಾನೇ ಬಗ್ಗಿತು. ಹಂಚು ಎಲ್ಲಿ ಸಿಗುತ್ತದೆ ಎಂದರೆ, "ಹೊಸದು ಇಲ್ಲ. ಯಾರ ಮನೆ ಕೆಡವುತ್ತಾರೋ ಅಲ್ಲಿ ನೋಡು" ಎಂದರು.

ಅಲ್ಲಿಂದ ಮುಂದೆ ನನ್ನ ಕಣ್ಣು ಬಸ್ಸಿನ ಕಿಟಕಿಯಿಂದ ಕೆಡವಿದ ಮನೆಗಳನ್ನೇ ಹುಡುಕುತ್ತಿತ್ತು.

ಐದನೇ ವಾರ ಕಾರ್ಕಳ, ಮೂಡುಬಿದಿರೆ. ಕಾರ್ಕಳದ ಗೊಮ್ಮಟ 42 ಅಡಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಬಿಸಿಲೇರುವ ಮುಂಚೆ ಹತ್ತಿ ಇಳಿದೆವು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಮಾತ್ರ ಮೂರು ತಾಸು ಕಳೆದೆ. 1430ರ ಕಟ್ಟಡ. ಎಲ್ಲರೂ ಒಳಗೆ ಹೋಗಿ ಕಂಬದ ಕೆತ್ತನೆ ನೋಡುತ್ತಾರೆ, ನೋಡಲೇಬೇಕಾದದ್ದೇ, ಒಂದರಂತೆ ಇನ್ನೊಂದಿಲ್ಲ. ನಾನು ಅಂಗಳದಲ್ಲೇ ಉಳಿದೆ. ಕೆಳಗಿನ ಅಂತಸ್ತಿನ ಮಾಡು ಕಲ್ಲಿನದು. ಉದ್ದುದ್ದ ಚಪ್ಪಡಿಗಳನ್ನು ಹಂಚಿನ ಮಾಡಿನ ಹಾಗೆಯೇ ಓರೆಯಾಗಿ ಇಳಿಬಿಟ್ಟಿದ್ದಾರೆ. ಗೋಡೆಗೆ ನೀರು ಸಿಡಿಯದಷ್ಟು ಮುಂದಕ್ಕೆ ಚಾಚಿದೆ. ಕಲ್ಲು ಸಿಕ್ಕಿದೆ ಎಂದು ಇಲ್ಲಿನವರು ಚಪ್ಪಟೆ ಛಾವಣಿ ಮಾಡಲಿಲ್ಲ. ಮಳೆ ಕೇಳಿದ್ದನ್ನು ಕಲ್ಲಿನಲ್ಲೂ ಕೊಟ್ಟರು.

ನೋಡುತ್ತ ಕೂತಾಗ ಐಹೊಳೆಯ ಲಾಡ್‌ಖಾನ್ ಗುಡಿ ನೆನಪಾಯಿತು. ಶಾಲೆಯಿಂದ ಎರಡು ಸಲ ಹೋಗಿದ್ದೆ. ಅಲ್ಲೂ ಓರೆ ಚಪ್ಪಡಿಗಳಿವೆ, ಸಂದು ಮುಚ್ಚಲು ಮೇಲೆ ಕಲ್ಲಿನ ಉದ್ದ ಪಟ್ಟಿಗಳಿವೆ. ಮರದ ಮಾಡನ್ನು ಕಲ್ಲಿನಲ್ಲಿ ಮಾಡಿದ್ದು ಎಂದು ಮೇಷ್ಟ್ರು ಹೇಳಿದ್ದರು, ನಾನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಬಂದಾಗ ಬರೆದೂ ಇದ್ದೆ. ಆ ಪಟ್ಟಿಗಳು ಇಲ್ಲದಿದ್ದರೆ ನೀರು ಎಲ್ಲಿಂದ ಇಳಿಯುತ್ತಿತ್ತು ಎಂದು ಯೋಚಿಸಿದ್ದು ಮೂಡುಬಿದಿರೆಯ ಅಂಗಳದಲ್ಲಿ. ನನ್ನ ಮನೆಯಿಂದ ಅಷ್ಟು ಹತ್ತಿರದ ಗುಡಿ ಅರ್ಥವಾಗಲು ಇಷ್ಟು ದೂರ ಬರಬೇಕಾಯಿತು.

ಆರನೇ ಶನಿವಾರ ಎಲ್ಲಿಗೂ ಹೋಗಲಿಲ್ಲ. ರಾತ್ರಿ ಹತ್ತಿರದ ಗದ್ದೆಯಲ್ಲಿ ಹರಕೆಯ ಯಕ್ಷಗಾನದ ಆಟ ಇತ್ತು, ಅಜ್ಜಿ ಕರೆದುಕೊಂಡು ಹೊರಟಿದ್ದರು. ಮೇ ಕೊನೆಗೆ ಪತ್ತನಾಜೆಯ ದಿನ ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ಆಟ ಸಿಗುವುದು ಮಳೆಗಾಲ ಕಳೆದ ಮೇಲೆ. ಆಟದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷದವರು ಬಣ್ಣ ಹಚ್ಚುವುದನ್ನು ನೋಡಬೇಕೆಂದು ನನಗೂ ಆಸೆ. ಹೊರಡುವಷ್ಟರಲ್ಲಿ ಗಾಳಿ ಎದ್ದಿತು. ಗುಡುಗು, ಕರೆಂಟು ಹೋಯಿತು, ಮಳೆ ಬಂತು. ಮೇ ತಿಂಗಳ ಅಡ್ಡ ಮಳೆ. ಕಾಯಿ ಬಿದ್ದ ಜಾಗಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಹಾರಿಹೋಯಿತು. ಉಪ್ಪರಿಗೆಯಲ್ಲಿ ಆರು ಕಡೆ ಸೋರಿತು. ನಾವಿಬ್ಬರೂ ಕೊಡಪಾನ, ಬಾಲ್ದಿ, ಅನ್ನದ ತಪಲೆ ಎಲ್ಲ ತಂದು ಇಟ್ಟೆವು. ಒಂದೊಂದರಲ್ಲಿ ಒಂದೊಂದು ಶಬ್ದ. ನನ್ನ ಡ್ರಾಯಿಂಗ್ ಶೀಟುಗಳನ್ನು ಅಜ್ಜಿ ತಮ್ಮ ಸೀರೆಯಲ್ಲಿ ಸುತ್ತಿ ಕೆಳಗೆ ಒಯ್ದರು. ನಾಲ್ಕು ಮೆಟ್ಟಿಲು ಇಳಿದವರು ಅಲ್ಲೇ ಕೂತುಬಿಟ್ಟರು.

"ಇವರು ಇರುವಾಗ ಪ್ರತಿ ವರ್ಷ ಏಪ್ರಿಲಲ್ಲೇ ಹಂಚು ನೋಡಿಸ್ತಿದ್ರು ಮಗಾ. ನನ್ನಿಂದ ಆಗುದಿಲ್ಲ ಈಗ. ಶೀಟೇ ಹಾಕಿಸುವ" ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ. ಶೀಟು ಹಾಕಿದರೆ ತಪ್ಪೇನೂ ಇರಲಿಲ್ಲ. ಆ ವಯಸ್ಸಿನಲ್ಲಿ ಒಬ್ಬರೇ ಇರುವವರಿಗೆ ಸೋರದ ಮಾಡು ಬೇಕು, ಅದು ಎಂಥದ್ದಾದರೂ ಸರಿ. ಆದರೂ "ಇನ್ನೊಂದು ವಾರ ತಡೀರಿ ಅಜ್ಜಿ" ಎಂದೆ.

ಏಳನೇ ವಾರ ಆಗುಂಬೆ. ಆಫೀಸಿನವರೆಲ್ಲ ಹೋಗೋಣ ಎಂದು ಮೊದಲೇ ಗೊತ್ತುಮಾಡಿದ್ದ ದಿನ. ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ 14 ತಿರುವು. ಸಣ್ಣ ಬಸ್ಸುಗಳಷ್ಟೇ ಆ ಘಾಟಿ ಏರುತ್ತವೆ. ಪ್ರತಿ ತಿರುವಿಗೂ ಗಾಳಿ ತಣ್ಣಗಾಗುತ್ತ ಹೋಯಿತು, ಆರೇಳು ವಾರದ ಸೆಕೆ ಒಂದು ತಾಸಿನಲ್ಲಿ ಮೈಬಿಟ್ಟು ಇಳಿಯಿತು. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಊರು. ಅಲ್ಲಿನ ಹಳೇ ಮನೆಗಳ ಮಾಡು ನಮ್ಮ ಅಜ್ಜಿಯ ಮನೆಯದಕ್ಕಿಂತ ಕಡಿದಾಗಿ, ಜಗಲಿಯ ಮೇಲೆ ಎಷ್ಟು ಕೆಳಗೆ ಬಾಗಿದೆಯೆಂದರೆ ಎತ್ತರದವರು ತಲೆ ತಗ್ಗಿಸಬೇಕು. ಗಾಳಿಯ ಮಳೆಗೆ ಜಗಲಿಯ ಹೊರಮೈಗೆ ತಟ್ಟಿ ಕಟ್ಟಲು ಗೂಟಗಳು. ಸೂರ್ಯಾಸ್ತದ ಜಾಗದಲ್ಲಿ ಮೋಡ ತುಂಬಿ ಸೂರ್ಯ ಕಾಣಲಿಲ್ಲ. ಮೋಡ ಕಣಿವೆಯಿಂದ ಏರಿ ನಮ್ಮ ಕಾಲ ಹತ್ತಿರ ಬಂತು, ನಮ್ಮನ್ನು ದಾಟಿ ಹಿಂದೆ ಹೋಯಿತು. ಪಕ್ಕದಲ್ಲಿದ್ದ ಗೆಳತಿಯ ಮುಖ ಒಂದು ಗಳಿಗೆ ಮಾಸಲಾಯಿತು. ಯಾರೂ ಮಾತಾಡಲಿಲ್ಲ.

ಇಳಿದು ಬರುವಾಗ, ಹಿರಿಯಡ್ಕ ಸಮೀಪಿಸುತ್ತಿದ್ದಂತೆ, ರಸ್ತೆ ಅಗಲ ಮಾಡಲು ಮುಂಭಾಗ ಕೆಡವಿದ ಮನೆಯೊಂದು ಕಂಡಿತು. ಬಸ್ಸಿನ ಬೆಳಕಿನಲ್ಲಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿಟ್ಟ ಹಂಚು. ನಾನು ಎದ್ದು ನಿಂತು "ನಿಲ್ಸ್ರಿ!" ಎಂದು ಕೂಗಿದೆ. ಆಫೀಸಿನ ಸರ್ ಗಾಬರಿಯಾದರು. ಇಳಿದು ಓಡಿ, ಒಂದು ಹಂಚು ತಿರುಗಿಸಿ ಮೊಬೈಲ್ ಬೆಳಕು ಬಿಟ್ಟೆ. ಹಿಂಬದಿಯಲ್ಲಿ ನಕ್ಷತ್ರ ಇತ್ತು.

ಮನೆಯವರು ಹೊರಗೆ ಬಂದರು. ನಮ್ಮ ಕಥೆಯನ್ನೆಲ್ಲ ಸರ್ ತುಳುವಿನಲ್ಲಿ ಹೇಳಿದರು. ಒಂದಕ್ಕೆ 15 ರೂಪಾಯಿಯಂತೆ ನಲವತ್ತು ಕೊಡಲು ಒಪ್ಪಿದರು. ಮರುದಿನ ಬೆಳಿಗ್ಗೆ ಗೂಡ್ಸ್ ಆಟೋ ಮಾಡಿಕೊಂಡು ಹೋದಾಗ ನಲವತ್ತೆರಡು ಎಣಿಸಿ ಇಟ್ಟಿದ್ದರು. "ಎರಡು ದಾರಿಯಲ್ಲಿ ಒಡೆದ್ರೆ ಅಂತ" ಎಂದರು. ಎರಡಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಅಂಗಳದಲ್ಲಿ ನಿಂತು ಆಟೋ ತಿರುವು ದಾಟುವವರೆಗೆ ನೋಡುತ್ತಿದ್ದರು. ಅವರ ಅಪ್ಪ ಕಟ್ಟಿಸಿದ ಮನೆಯಂತೆ.

ಎಂಟನೇ ಭಾನುವಾರ ಮಾಡು ಹತ್ತಿದೆ. ಅಜ್ಜಿ ಬೇಡವೇ ಬೇಡ ಎಂದರು. ಕೆಲಸದ ಅಣ್ಣ, "ನಾನು ನೋಡ್ಕೊಳ್ತೇನೆ ಅಮ್ಮ" ಎಂದು ಸಮಾಧಾನ ಹೇಳಿ, ಚಪ್ಪಲಿ ಬಿಡಿಸಿ, ಕಾಲು ಎಲ್ಲಿಡಬೇಕು ಎಂದು ತೋರಿಸಿದರು. ಹಂಚಿನ ನಡುವೆ ತುಳಿಯಬಾರದು. ಮೇಲಿನ ಹಂಚು ಕೆಳಗಿನದರ ಮೇಲೆ ಕೂರುವ ಕಡೆ, ಅಡಿಯಲ್ಲಿ ರೀಪು ಇರುತ್ತದೆ, ಅಲ್ಲಿ ಪಾದ ಅಡ್ಡವಾಗಿ ಇಡಬೇಕು. ಹಂಚಿಗೆ ಮೊಳೆ ಇಲ್ಲ, ಸಿಮೆಂಟು ಇಲ್ಲ. ಹಿಂಬದಿಯಲ್ಲಿ ಎರಡು ಸಣ್ಣ ಉಬ್ಬುಗಳಿವೆ, ಅವು ರೀಪನ್ನು ಹಿಡಿದು ನೇತಾಡುತ್ತವೆ. ಒಡೆದದ್ದನ್ನು ತೆಗೆಯಲು ಅದರ ಮೇಲಿನ ಸಾಲನ್ನು ಎಡಗೈಯಿಂದ ಒಂದಿಷ್ಟು ಎತ್ತಿ ಹಿಡಿಯಬೇಕು. ಬಲಗೈಯಲ್ಲಿ ಹೊಸದನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಬೇಕು, ರೀಪು ದಾಟಿದ ಮೇಲೆ ಹಿಂದಕ್ಕೆ ಒಂದೆಳೆ ಎಳೆಯಬೇಕು. ಸರಿ ಕೂತರೆ ಟಕ್ ಎಂದು ಸಣ್ಣ ಶಬ್ದ ಬರುತ್ತದೆ, ಪಕ್ಕದ ಹಂಚಿನ ಏಣು ಕಾಲುವೆಯೊಳಗೆ ತಾನೇ ಸೇರಿಕೊಳ್ಳುತ್ತದೆ. ನನ್ನ ಮೊದಲ ಹಂಚು ಆರು ಸಲಕ್ಕೂ ಕೂರಲಿಲ್ಲ. ಏಳನೇ ಸಲ ಟಕ್ ಎಂದಿತು. ಆ ಶಬ್ದ ಕೈಯಿಂದ ಮೊಣಕೈಯವರೆಗೆ ಬಂತು.

ಒಂದು ಕಡೆ ರೀಪು ಲಡ್ಡಾಗಿತ್ತು. ಅಣ್ಣ ಹೊಸ ರೀಪು ಹೊಡೆಯುವ ಮುಂಚೆ ಟೇಪು ಹುಡುಕಲಿಲ್ಲ. ಅಡಕೆಮರದ ಒಂದು ಸೀಳನ್ನು ಹಂಚಿಗೆ ಹಿಡಿದು ಕತ್ತರಿಸಿ, ಅದನ್ನೇ ಅಳತೆಕೋಲು ಮಾಡಿಕೊಂಡರು. ಆಫೀಸಿನ ನನ್ನ ಡ್ರಾಯಿಂಗಿನಲ್ಲಿದ್ದ ಅಂಕಿಯನ್ನು ಹೇಳಿದೆ. "ಅದು ಯಾವ ಹಂಚಿಗೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. "ಹಂಚು ನೋಡದೆ ರೀಪು ಹೊಡೆಯುದು ಹೇಗೆ?" ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿ ಕೆಲಸ ಮುಂದುವರಿಸಿದರು. ಸೋಮವಾರ ಆಫೀಸಿಗೆ ಹೋಗಿ ಆ ಅಂಕಿ ಅಳಿಸಿದೆ. ಅದರ ಜಾಗದಲ್ಲಿ, ಹಂಚು ಸೈಟಿಗೆ ಬಂದ ಮೇಲೆ ಅದನ್ನು ಇಟ್ಟು ನೋಡಿ ಅಂತರ ಗುರುತು ಮಾಡಬೇಕು ಎಂದು ಕನ್ನಡದಲ್ಲೇ ಬರೆದೆ. ಸರ್ ಓದಿ, ಏನೂ ಹೇಳದೆ ಸಹಿ ಹಾಕಿದರು.

ಆ ಭಾನುವಾರ ಮಧ್ಯಾಹ್ನದೊಳಗೆ ಮೂವತ್ತೇಳೂ ಮುಗಿದವು, ಅದರಲ್ಲಿ ಹನ್ನೊಂದು ನಾನು ಕೂರಿಸಿದ್ದು. ಕಾಯಿ ಬಿದ್ದ ತೂತಿಗೆ ಅಣ್ಣ ಒಂದು ಕನ್ನಡಿ ಹಂಚು ಹಾಕಿದರು. ಹಳೆಯದೊಂದು ಅಜ್ಜಿಯ ಕೊಟ್ಟಿಗೆಯಲ್ಲಿತ್ತು, ಅದಕ್ಕೂ ಇದಕ್ಕೂ ಅಳತೆ ಕೂಡಿಬಂತು. ಸಂಜೆ ಆ ಹಂಚಿನಿಂದ ಇಳಿದ ಬಿಸಿಲು ನೆಲದ ಮೇಲೆ ನಮ್ಮ ಮನೆಯ ಬೆಳಕಿಂಡಿಯಷ್ಟೇ ಅಗಲದ ಚೌಕ ಬರೆಯಿತು. ಅಜ್ಜಿ ಹಲಸಿನ ಎಲೆಯ ಕೊಟ್ಟೆ ಕಡುಬು ಮಾಡಿದ್ದರು. ಮೂವರೂ ಚಾವಡಿಯಲ್ಲಿ ಕೂತು ತಿಂದೆವು.

ಹೊರಡುವ ದಿನ ಉಳಿದ ಹಂಚುಗಳಲ್ಲಿ ಒಂದನ್ನು ಹಳೇ ಪಂಚೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟುಕೊಂಡೆ. ಮನೆಯಲ್ಲಿ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದs ಹಂಚ ತಂದ್ರ ಏನ್ ಆಕ್ಕೈತವಾ?" ಎಂದಳು. ಅಪ್ಪ ಅದನ್ನು ಮಾಳಿಗೆಗೆ ಒಯ್ದು, ಮಳೆನೀರು ಹೊರಗೆ ಬೀಳುವ ದೋಣಿಯ ಬಾಯಿಗೆ ಓರೆಯಾಗಿ ಇಟ್ಟು ನೋಡಿದರು. ಸರಿಯಾಗಿ ಕೂತಿತು.

ಜೂನ್ ಎರಡನೇ ವಾರ ರಾತ್ರಿ ಅಜ್ಜಿ ಫೋನ್ ಮಾಡಿದರು. ಅವರ ದನಿಗಿಂತ ಮಳೆಯ ದನಿ ಜೋರಾಗಿತ್ತು.

"ಮೂರು ದಿನದಿಂದ ಬಿಟ್ಟಿಲ್ಲ ಮಾರಾಯ್ತಿ. ಉಪ್ಪರಿಗೆಯಲ್ಲಿ ಒಂದು ಹನಿ ಇಲ್ಲ."

"ಎಲ್ಲೂ ಸೋರಿಲ್ಲೇನ್ರಿ ಅಜ್ಜಿ?"

"ದೇವರ ಕೋಣೆ ಹತ್ರ ಒಂಚೂರು ಉಂಟು. ಆ ಬದಿ ನಾವು ಮುಟ್ಟಿರ್ಲಿಲ್ಲ ಅಲ್ವಾ? ಹಂಚು ಐದು ಉಳಿದಿದೆ. ದಸರಾ ರಜೆಯಲ್ಲಿ ಬರ್ತೀಯಲ್ಲ?"